ಅಣ್ಣನಿಗೊಂದು ಜಾಯ್‌ಸ್ಟಿಕ್

ಈ ಸಲ ಹಪ್ಪಳ-ಸಂಡಿಗೆ ಸುದ್ದಿ ಬ್ಯಾಡ್ರಿ, ಒಂದು ಆಟದ ಸುದ್ದಿ ಹೇಳ್ತೀನಿ.

ಹೋದ ವರ್ಷದ ಸುಗ್ಗಿಯಲ್ಲಿ ಮೆಕ್ಕೆಜೋಳ ಒಕ್ಕುವ ಮಷಿನ್‌ಗೆ ಸಿಕ್ಕಿ ನಮ್ಮಣ್ಣನ ಎಡಗೈ ಹೆಬ್ಬೆರಳು ಹೋಯ್ತು. ಗಾಯ ಮಾಯಿತು. ಈಗ ಸಲಿಕೆ ಹಿಡೀತಾನೆ, ಬೈಕೂ ಓಡಿಸ್ತಾನೆ. ಆದರೆ ಮಾತು ಕಮ್ಮಿ ಆಯ್ತು. ಯಾರಾದರೂ ಮನೆಗೆ ಬಂದರೆ ಎಡಗೈ ಟವೆಲ್ಲಿನ ಕೆಳಗೆ ಹೋಗ್ತದೆ.

ದೀಪಾವಳಿಗೆ ಮೇಡ್ಲೇರಿಗೆ ಹೋದಾಗ ಅಣ್ಣನ ಮಕ್ಕಳು ಅಟ್ಟದ ಮೇಲಿಂದ ನಮ್ಮ ಹಳೇ ಟಿವಿ ಗೇಮ್ ಇಳಿಸಿದ್ದರು. ಬ್ಯಾಡಗಿ ಪ್ಯಾಟಿಯೊಳಗ ಮೆಣಸಿನಕಾಯಿ ಮಾರಿ ಬಂದ ಅಪ್ಪ, ರಾಣೆಬೆನ್ನೂರಿನಲ್ಲಿ ಬಸ್ ಇಳಿದು ಕೊಂಡು ತಂದದ್ದು ಅದು. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಅಂತ ಒಂದು ಆಟದ ಯಂತ್ರ ಮಾಡಿತು. ನಮ್ಮೂರ ಕಡೆ ಬಂದದ್ದು ಅದರ ನಕಲು. ನಮಗೇನು, ಹಳದಿ ಕ್ಯಾಸೆಟ್ ಹಾಕಿದರೆ ಮಾರಿಯೋ ಬರತಿದ್ದ, ಕಾಂಟ್ರಾ ಬರತಿತ್ತು, ಅಷ್ಟು ಸಾಕು. ಕಾಂಟ್ರಾದಲ್ಲಿ ನೀಲಿ ಪ್ಯಾಂಟಿನವ ಅಣ್ಣ, ಕೆಂಪು ಪ್ಯಾಂಟಿನವ ನಾನು. ಹೆಣ್ಣುಮಗಳು ಪ್ಯಾಂಟಿನವ ಹೆಂಗಾದೆ ಅಂತ ಆಗ ಯಾರೂ ಕೇಳಲಿಲ್ಲ!

ಮಕ್ಕಳು ರಿಮೋಟ್ ಕೈಗೆ ಕೊಟ್ಟರು. ಅಣ್ಣ ಹಿಡಿದ. ಅಧಿಕ ಚಿಹ್ನೆಯಂಥ ಆ ಗುಂಡಿ ಇರೋದು ಎಡಗಡೆಗೆ, ಅದನ್ನು ಒತ್ತೋದು ಎಡಗೈ ಹೆಬ್ಬೆರಳು. ಒಂದು ಕ್ಷಣ ನೋಡಿ ಕೆಳಗಿಟ್ಟ. "ನೀ ಆಡು ತಂಗಿ, ನನಗ ದನದ ಮನ್ಯಾಗ ಕೆಲಸ ಐತಿ" ಅಂದು ಎದ್ದು ಹೋದ. ವೈನಿ ನನ್ನ ಮುಖ ನೋಡಿದಳು, ನಾನು ಟಿವಿ ನೋಡಿದೆ.

ರಾಣೆಬೆನ್ನೂರಿನಲ್ಲಿ ನಾನೂ ನಮ್ಮನೆಯವರೂ ಮಿಕ್ಸರ್-ಫ್ಯಾನ್ ರಿಪೇರಿ ಅಂಗಡಿ ನಡೆಸ್ತೀವಿ ಅನ್ನೋದು ಅಂಕಣ ಓದೋರಿಗೆ ಗೊತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೀತು. ಹಿಂದೆ ರೂಪಾಯಿ ಹಾಕಿ ಆಡುತ್ತಿದ್ದ ದೊಡ್ಡ ಮಷಿನ್‌ಗಳಲ್ಲಿ ಹೆಬ್ಬೆರಳಿನ ಗುಂಡಿ ಇರಲಿಲ್ಲ, ಕೋಲು ಇತ್ತು. ಕೋಲಿನ ತಲೆಯ ಚೆಂಡನ್ನು ಇಡೀ ಅಂಗೈಯಿಂದ ತಿರುಗಿಸಬಹುದು.

ಅಂಥ ಕೋಲು, ದೊಡ್ಡ ಗುಂಡಿಗಳನ್ನು ಆನ್‌ಲೈನಿನಲ್ಲಿ ತರಿಸಿದೆ. ಕೋಲಿನ ಒಳಗೆ ಗುಟ್ಟೇನಿಲ್ಲ, ಬುಡದಲ್ಲಿ ನಾಲ್ಕು ಕಡೆ ನಾಲ್ಕು ಸಣ್ಣ ಸ್ವಿಚ್. ವಾಲಿದರೆ ಒಂದು ಟಿಕ್ ಅನ್ನುತ್ತದೆ, ಮೂಲೆಗೆ ವಾಲಿದರೆ ಎರಡು. ಗೇಮಿನ ಜೊತೆ ಮಾತಾಡೋ ಬುದ್ಧಿ ಮಾತ್ರ ಹಳೇ ರಿಮೋಟಿನ ಬೋರ್ಡಿಗೇ ಇರೋದು. ಗೇಮ್ ಸೆಕೆಂಡಿಗೆ 50-60 ಸಲ "ಯಾವ ಗುಂಡಿ ಒತ್ತೀದಿ?" ಅಂತ ಕೇಳತದೆ, ಬೋರ್ಡಿನ ಚಿಪ್ಪು ಎಂಟೂ ಗುಂಡಿಯ ಹಾಜರಿಯನ್ನು ಒಂದೇ ವೈರಿನಲ್ಲಿ ಸಾಲಾಗಿ ಹೇಳತದೆ, ಶಾಲೆಯಲ್ಲಿ ಹೆಸರು ಕರೆದಂಗ. ಹಂಗಾಗಿ ಒಂದು ರಿಮೋಟ್ ಬಿಚ್ಚಿ ಆ ಬೋರ್ಡನ್ನೇ ಹೊಸ ಡಬ್ಬಿಯೊಳಗೆ ಕೂರಿಸಬೇಕು.

ರಬ್ಬರ್ ತೆಗೆದರೆ ಗುಂಡಿಯ ಜಾಗದಲ್ಲೆಲ್ಲ ಕರೀ ಲೇಪ. ಅದರ ಮೇಲೆ ಬೆಸುಗೆ ಹಿಡಿಯೋದಿಲ್ಲ. ಬ್ಲೇಡಿನಿಂದ ಮೆಲ್ಲಗೆ ಕೆರೆದು ತಾಮ್ರ ಕಾಣಿಸಬೇಕು, ಜಾಸ್ತಿ ಕೆರೆದರೆ ತಾಮ್ರವೂ ಎದ್ದು ಬರತದೆ. ನಾಲ್ಕು ದಿಕ್ಕು, ಎ, ಬಿ, ಸ್ಟಾರ್ಟ್, ಹೀಗೆ ಏಳು ವೈರು. ಎಲ್ಲಾ ಸ್ವಿಚ್ಚಿನ ಇನ್ನೊಂದು ಕಾಲನ್ನು ಸುತ್ತಿ ಬರುವ ಗ್ರೌಂಡ್ ವೈರು ಒಂದು. ಸೆಲೆಕ್ಟ್ ಬಿಟ್ಟೆ, ಚೊಲೋ ಕಟ್ಟಿಗೆಯಲ್ಲಿ ಇನ್ನೊಂದು ತೂತು ಯಾಕೆ ಅಂತ.

ಡಬ್ಬಿ ಮಾಡಿಕೊಟ್ಟವರು ಬಡಿಗೇರ ಕಾಕಾ. ಹಳೇ ಬಾಗಿಲಿನ ಸಾಗವಾನಿ. "ಮಸಾಲಿ ಡಬ್ಬಿ ಏನವಾ ಇದು?" ಅಂತ ಕೇಳಿದರು. ಹೇಳಿದ ಮೇಲೆ ಅಂಚನ್ನೆಲ್ಲ ಇನ್ನೊಮ್ಮೆ ಉಜ್ಜಿ ದುಂಡಗೆ ಮಾಡಿಕೊಟ್ಟರು, ಮಜೂರಿ ಮುಟ್ಟಲಿಲ್ಲ. ತೊಡೆ ಮೇಲೆ ಜಾರಬಾರದು ಅಂತ ತಳಕ್ಕೆ ಅಜ್ಜನ ಕಂಬಳಿಯ ತುಂಡು ಅಂಟಿಸಿದೆ.

ಅಂಗಡಿಯಲ್ಲಿ ಹಚ್ಚಿ ನೋಡಿದರೆ ಬಲಕ್ಕೆ ತಳ್ಳಿದಾಗ ಮಾರಿಯೋ ಎಡಕ್ಕೆ ಓಡಿದ! ವೈರೆಲ್ಲ ಬಿಚ್ಚುವ ಮುಂಚೆ ಸುಮ್ಮನೆ ಕೋಲನ್ನೇ ನೋಡುತ್ತಾ ಕುಂತೆ. ಅದು ನಡುವೆ ಕೀಲಿರುವ ಕೋಲು. ತಲೆ ಬಲಕ್ಕೆ ಹೋದರೆ ಬುಡ ಎಡಕ್ಕೆ ಹೋಗಿ ಎಡಗಡೆ ಸ್ವಿಚ್ ಒತ್ತತದೆ. ಮ್ಯಾಲೆ-ಕೆಳಗೂ ಅದೇ ಕಥೆ. ಜೋಡಿ ಜೋಡಿ ವೈರು ಅದಲು ಬದಲು ಮಾಡಿದ ಮೇಲೆ ಸರಿ ಹೋಯ್ತು. ಇಷ್ಟು ವರ್ಷ ಮಿಕ್ಸರ್ ಬಿಚ್ಚಿದವಳಿಗೆ ಇದು ಮೊದಲೇ ತಿಳಿಯಬೇಕಿತ್ತು, ಇರಲಿ.

ಸಂಕ್ರಾಂತಿಗೆ ಒಯ್ದೆ. ಹೊಸ ಎಲ್‌ಇಡಿ ಟಿವಿಗೆ ಹಚ್ಚಲಿಲ್ಲ, ಅದರಲ್ಲಿ ಗುಂಡಿ ಒತ್ತಿದ ಮೇಲೆ ಚಿತ್ರ ಚೂರು ತಡವಾಗಿ ಬರತದೆ, ಜಿಗಿಯುವಷ್ಟರಲ್ಲಿ ಗುಂಡು ಬಡಿದಿರತದೆ. ಅವ್ವ ಬಟ್ಟೆ ಮುಚ್ಚಿಟ್ಟಿದ್ದ ಡಬ್ಬಾ ಟಿವಿಯನ್ನೇ ಹೊರಗೆ ತೆಗೆದೆವು.

ಡಬ್ಬಿ ಅಣ್ಣನ ತೊಡೆ ಮೇಲಿಟ್ಟೆ. ಏನೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಟವೆಲ್ ಪಕ್ಕಕ್ಕಿಟ್ಟು ಎಡ ಅಂಗೈಯನ್ನು ಚೆಂಡಿನ ಮೇಲೆ ಇಟ್ಟ, ಸುತ್ತಲೂ ಒಮ್ಮೆ ತಿರುಗಿಸಿದ. ಟಿಕ್ ಟಿಕ್ ಟಿಕ್. ಕಾಂಟ್ರಾದ ಹೆಸರು ಟಿವಿ ಮೇಲೆ ಬರುತ್ತಿದ್ದಂತೆ ಅವನ ಕೈ ತಾನೇ ಓಡಿತು. ಮ್ಯಾಲೆ ಮ್ಯಾಲೆ, ಕೆಳಗ ಕೆಳಗ, ಎಡ ಬಲ, ಎಡ ಬಲ, ಬಿ, ಎ. ಮೂವತ್ತು ಜೀವ ಸಿಗುವ ಮಂತ್ರ ಅದು. ಇಪ್ಪತ್ತು ವರ್ಷದ ಮೇಲೆ ಆಯ್ತು, ಮರೆತಿರಲಿಲ್ಲ.

ಆಮೇಲೆ ಅವನ ಬೆರಳು ಬರೀ ಕಟ್ಟಿಗೆಯ ಮೇಲೆ ಟಕ್ ಟಕ್ ಅಂತ ಬಡೀತು.

"ಸೆಲೆಕ್ಟ್ ಎಲ್ಲೈತಿ?"

ನನ್ನ ಎದೆ ಧಸಕ್ ಅಂತು. ಇಬ್ಬರು ಆಡಬೇಕಂದರೆ ಸೆಲೆಕ್ಟ್ ಒತ್ತಿ ಆರಿಸಬೇಕು, ಅದೂ ಒಂದನೇ ರಿಮೋಟಿನಿಂದ.

"ಅದನ್ನ ಹಾಕಿಲ್ಲಣ್ಣಾ... ಒಬ್ಬರದ್ದು ಆಡು, ನಾ ನೋಡ್ತೀನಿ."

"ರಿಪೇರಿ ಅಂಗಡಿ ಅಂತ ಇಕಿದು!" ಅಂತ ಅಣ್ಣ ನಕ್ಕ. ಎಷ್ಟು ಜೋರಾಗಿ ಅಂದರೆ ವೈನಿ ಒಲೆ ಬಿಟ್ಟು ಹೊರಗೆ ಬಂದಳು. "ಒಬ್ಬರದ್ದು ಆಡಾಕ ಇಷ್ಟೆಲ್ಲಾ ಮಾಡಿದೇನು? ತಾ ಡ್ರಿಲ್ಲು."

ಅಂಗಳದಲ್ಲಿ ಡಬ್ಬಿಯನ್ನು ಎರಡೂ ಕೈಯಿಂದ ಗಟ್ಟಿ ಹಿಡಕೊಂಡು ಕುಂತ ಅವನು, ನಾನು ತೂತು ಹೊಡೆದೆ. ಹೊಂದುವ ಗುಂಡಿ ಇರಲಿಲ್ಲ, ಕಾಲಿಂಗ್ ಬೆಲ್ಲಿನ ಬಿಳೀ ಸ್ವಿಚ್ಚೇ ಕೂರಿಸಿದೆವು. ಅವತ್ತು ರಾತ್ರಿ ಎಂಟಕ್ಕೆ ಕುಂತವರು ಮೂರನೇ ಹಂತ ದಾಟುವ ಹೊತ್ತಿಗೆ ಕರೆಂಟ್ ಹೋಯ್ತು. ನನ್ನ ಕೆಂಪು ಪ್ಯಾಂಟಿನವನಿಗೆ ಉಳಿದಿದ್ದವು ಬರೀ ನಾಲ್ಕು ಜೀವ. ಅಣ್ಣನಿಗೆ ಹದಿನೇಳು.