ಮ್ಯಾಕ್‌ನಲ್ಲಿ ಓಡಿದ ಇಮೇಜು ಸರ್ವರಲ್ಲಿ ಯಾಕೆ ಓಡಲ್ಲ?

'ಎಕ್ಸೆಕ್ ಫಾರ್ಮ್ಯಾಟ್ ಎರರ್.' ಈ ಸಾಲು ನೋಡಿ ತಲೆ ಕೆರೆದುಕೊಂಡವರು ನಿಮ್ಮಲ್ಲಿ ಸುಮಾರು ಜನ ಇರ್ತೀರಿ. ಕೋಡ್ ಸರಿ ಇದೆ, ಟೆಸ್ಟ್ ಪಾಸಾಗಿದೆ, ಮ್ಯಾಕ್‌ನಲ್ಲಿ ಕಂಟೇನರ್ ಆರಾಮಾಗಿ ಓಡ್ತಿದೆ. ಸರ್ವರಿಗೆ ಹಾಕಿದ ತಕ್ಷಣ ಮಲಗಿಬಿಡುತ್ತೆ.

ಕಂಟೇನರ್ ಎಲ್ಲಿ ಬೇಕಾದರೂ ಓಡುತ್ತೆ ಅನ್ನೋದು ಅರ್ಧ ಸತ್ಯ. ಇಮೇಜಿನೊಳಗೆ ಇರೋದು ಯಾವುದೋ ಒಂದು ಪ್ರೊಸೆಸರ್‌ಗಾಗಿ ತಯಾರಾದ ಪ್ರೋಗ್ರಾಮು. ಇಂಟೆಲ್, ಎಎಂಡಿ ಚಿಪ್‌ಗಳ ಭಾಷೆ ಒಂದು, ಆರ್ಮ್ ಚಿಪ್‌ಗಳದ್ದೇ ಇನ್ನೊಂದು. ಮೊದಲು ಲ್ಯಾಪ್‌ಟಾಪೂ ಇಂಟೆಲ್, ಸರ್ವರೂ ಇಂಟೆಲ್, ಹಾಗಾಗಿ ಯಾರಿಗೂ ತೊಂದರೆ ಆಗಲಿಲ್ಲ. 2020ರ ನವೆಂಬರ್‌ನಲ್ಲಿ ಆಪಲ್‌ನ ಎಂ1 ಬಂತು. ಅದಕ್ಕೂ ಮೊದಲೇ, 2018ರಲ್ಲಿ, ಅಮೆಜಾನ್ ತನ್ನ ಕ್ಲೌಡ್‌ಗೆ ಗ್ರಾವಿಟನ್ ಎಂಬ ಆರ್ಮ್ ಚಿಪ್ ತಂದಿತ್ತು. ಬಾಡಿಗೆ ಕಡಿಮೆ ಅಂತ ಎಷ್ಟೋ ಕಂಪನಿಗಳು ಅತ್ತ ಹೊರಟವು. ಈಗ ಒಂದೇ ಟೀಮಿನಲ್ಲಿ ಎರಡೂ ಭಾಷೆಯವರು.

ಇದಕ್ಕೆ ಡಾಕರ್ ಬಿಲ್ಡ್‌ಎಕ್ಸ್ ಇದೆ. ಪ್ಲಾಟ್‌ಫಾರ್ಮ್ ಆಯ್ಕೆಗೆ ಎರಡೂ ಹೆಸರು ಕೊಟ್ಟರೆ ಒಂದೇ ಟ್ಯಾಗಿನ ಕೆಳಗೆ ಎರಡು ಇಮೇಜು, ಜೊತೆಗೆ ಯಾವುದು ಯಾರಿಗೆ ಅನ್ನೋ ಒಂದು ಪಟ್ಟಿ. ಸರ್ವರ್ ಆ ಪಟ್ಟಿ ನೋಡಿ ತನ್ನದನ್ನು ಇಳಿಸಿಕೊಳ್ಳುತ್ತೆ. ಇಷ್ಟೇನಾ ಅನ್ಸುತ್ತೆ ಅಲ್ವಾ?

ಅಸಲಿ ಕಷ್ಟ ಸಮಯದ್ದು. ಇಂಟೆಲ್ ಮಷಿನ್ ಆರ್ಮ್ ಇಮೇಜು ಕಟ್ಟುವಾಗ ಮಧ್ಯೆ ಕ್ಯೂಎಮು ಎಂಬ ದುಭಾಷಿ ಕೂತಿರುತ್ತೆ, ಪ್ರತಿ ಮಾತನ್ನೂ ಅನುವಾದ ಮಾಡ್ತಾ. ನಮ್ಮ ಟೀಮಿನ ಒಂದು ಗೋ ಸರ್ವಿಸ್ ನಾಲ್ಕು ನಿಮಿಷದಲ್ಲಿ ಬಿಲ್ಡ್ ಆಗ್ತಿತ್ತು, ಆರ್ಮ್ ಸೇರಿಸಿದ ಮೇಲೆ ಅರ್ಧ ಗಂಟೆ ದಾಟಿತು. ಹಗಲು ಹೊತ್ತು ಸರಿ, ಕಾಫಿ ಕುಡೀಬಹುದು. ರಾತ್ರಿ ಹನ್ನೊಂದಕ್ಕೆ ಪೇಮೆಂಟ್ ನಿಂತು, ಒಂದು ಸಾಲಿನ ಫಿಕ್ಸ್ ಕೈಯಲ್ಲಿಟ್ಟುಕೊಂಡು ಅರ್ಧ ಗಂಟೆ ಕಾಯೋದು ಬೇರೆಯೇ ಅನುಭವ.

ಗೋ ಭಾಷೆಗೆ ದುಭಾಷಿ ಬೇಕಾಗೇ ಇಲ್ಲ. ಇಂಟೆಲ್ ಮೇಲೆ ಕೂತೇ ಅದು ಆರ್ಮ್‌ಗೆ ಕಂಪೈಲ್ ಮಾಡಬಲ್ಲದು. ಡಾಕರ್‌ಫೈಲಿನ ಮೊದಲ ಹಂತವನ್ನು ಬಿಲ್ಡ್‌ಪ್ಲಾಟ್‌ಫಾರ್ಮ್ ಮೇಲೆ ಓಡಿಸಿ, ಟಾರ್ಗೆಟ್‌ಆರ್ಚ್‌ನ ಬೆಲೆಯನ್ನು ಗೋಆರ್ಚ್‌ಗೆ ಕೊಟ್ಟರೆ ಸಾಕು. ಟಾರ್ಗೆಟ್‌ಆರ್ಚ್ ಅನ್ನು ಆ ಹಂತದೊಳಗೇ ಆರ್ಗ್ ಎಂದು ಬರೆಯಬೇಕು. ಬಿಟ್ಟರೆ ಅದು ಖಾಲಿ, ಗೋ ಸುಮ್ಮನೆ ತಾನಿರುವ ಮಷಿನ್‌ಗೇ ಕಂಪೈಲ್ ಮಾಡಿಬಿಡುತ್ತೆ, ಒಂದು ಎರರೂ ಇಲ್ಲದೆ! ನಮ್ಮ ಬಿಲ್ಡು ಇದರಿಂದ ಐದಾರು ನಿಮಿಷಕ್ಕೆ ಬಂತು.

ಸಿ ಲೈಬ್ರರಿ ಬಳಸೋ ಪೈಥಾನ್, ನೋಡ್ ಪ್ರಾಜೆಕ್ಟುಗಳಿಗೆ ಈ ದಾರಿ ಅಷ್ಟು ಸಲೀಸಲ್ಲ. ಅಲ್ಲಿ ಪ್ರತಿ ಚಿಪ್‌ಗೂ ಅದರದೇ ಮಷಿನ್‌ನಲ್ಲಿ ಕಟ್ಟಿ, ಕೊನೆಗೆ ಒಂದು ಟ್ಯಾಗಿಗೆ ಸೇರಿಸೋದೇ ವಾಸಿ. ಗಿಟ್‌ಹಬ್ 2025ರಿಂದ ಪಬ್ಲಿಕ್ ಪ್ರಾಜೆಕ್ಟುಗಳಿಗೆ ಆರ್ಮ್ ರನ್ನರ್‌ಗಳನ್ನು ಉಚಿತವಾಗಿ ಕೊಡ್ತಿದೆ.

ಇನ್ನೊಂದು ಮಾತು. ಯಾರಾದರೂ ತಮ್ಮ ಮ್ಯಾಕ್‌ನಿಂದ ಅದೇ ಟ್ಯಾಗಿಗೆ ಮಾಮೂಲಿ ಪುಶ್ ಮಾಡಿದರೆ ಆ ಪಟ್ಟಿ ಹೋಗಿ ಆರ್ಮ್ ಇಮೇಜು ಮಾತ್ರ ಉಳಿಯುತ್ತೆ. ಇಂಟೆಲ್ ಸರ್ವರ್ ಮುಂದಿನ ಸಲ ಇಮೇಜು ಇಳಿಸುವವರೆಗೂ ಗೊತ್ತೇ ಆಗಲ್ಲ. ಹಾಗಾಗಿ ಪುಶ್ ಹಕ್ಕು ಸಿಐಗೆ ಮಾತ್ರ ಇರಲಿ.

ಅಂದಹಾಗೆ, ನಿಮ್ಮ ಸರ್ವರೆಲ್ಲ ಇಂಟೆಲ್ಲೇ ಆಗಿದ್ದು ಬೇರೆ ಯಾರೂ ಆ ಇಮೇಜು ಬಳಸಲ್ಲ ಅಂದ್ರೆ ಆರ್ಮ್ ಸೇರಿಸೋ ಗೋಜಿಗೇ ಹೋಗಬೇಡಿ. ಇಂಟೆಲ್ ಒಂದಕ್ಕೇ ಕಟ್ಟಿ ಮುಗಿಸಿ.