ಜಾಲಶಾಸ್ತ್ರದ ವಿದ್ಯಾರ್ಥಿ ಕಲಿಯತಕ್ಕದ್ದೇನು?

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ನಮ್ಮ ನಾಡಿನ ಸಹಸ್ರಾರು ತರುಣ ತರುಣಿಯರು ಗಣಕವಿಜ್ಞಾನ ಮತ್ತು ಮಾಹಿತಿ ತಂತ್ರಜ್ಞಾನ ಶಾಖೆಗಳತ್ತ ಮುಖ ಮಾಡುತ್ತಾರೆ. ಸಾಲ ಮಾಡಿಯಾದರೂ ಮಕ್ಕಳನ್ನು ಓದಿಸುವ ತಂದೆತಾಯಿಗಳು ಕೇಳುವುದು ಒಂದೇ ಪ್ರಶ್ನೆ: ಇದನ್ನು ಕಲಿತರೆ ಉದ್ಯೋಗ ದೊರೆತೀತೆ? ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳತಕ್ಕ ಇನ್ನೊಂದು ಪ್ರಶ್ನೆಯಿದೆ: ಈ ಶಾಸ್ತ್ರದಲ್ಲಿ ಕಲಿಯತಕ್ಕದ್ದು ಏನು?

ಯಾವುದೋ ಒಂದು ಕಂಪೆನಿಯ ಯಂತ್ರಕ್ಕೆ ಕೊಡಬೇಕಾದ ಆಜ್ಞೆಗಳನ್ನು ಬಾಯಿಪಾಠ ಮಾಡಿ ಒಂದು ಪ್ರಮಾಣಪತ್ರವನ್ನು ಗಳಿಸಿದರೆ ಸಾಕೆಂದು ಅನೇಕರು ಭಾವಿಸಿದ್ದಾರೆ. ಯಂತ್ರವು ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಅದರೊಡನೆ ಆಜ್ಞೆಗಳೂ ಮೂಲೆ ಸೇರುತ್ತವೆ. ಬಹುಕಾಲ ಬಾಳುವುದು ತತ್ತ್ವ.

ಒಂದು ನಿದರ್ಶನವನ್ನು ನೋಡೋಣ. 1986ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಗೂ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೂ ನಡುವಣ ಜಾಲಸಂಪರ್ಕವು ಇದ್ದಕ್ಕಿದ್ದಂತೆ ಕುಸಿಯಿತು. ಅವೆರಡರ ಅಂತರ ಸುಮಾರು 400 ಗಜ ಮಾತ್ರ. ಸೆಕೆಂಡಿಗೆ 32,000 ಬಿಟ್‌ಗಳಂತೆ ಸಾಗುತ್ತಿದ್ದ ಮಾಹಿತಿ 40 ಬಿಟ್‌ಗಳಿಗೆ ಇಳಿಯಿತು. ಕಾರಣವೇನು? ಜಾಲದಲ್ಲಿ ಮಾಹಿತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುವುದಷ್ಟೆ. ದಟ್ಟಣೆಯಲ್ಲಿ ಪೊಟ್ಟಣವು ಕಳೆದುಹೋದರೆ ಅಥವಾ ತಡವಾದರೆ, ಕಳುಹಿಸಿದ ಗಣಕವು ಅದನ್ನೇ ಮತ್ತೆ ಕಳುಹಿಸುತ್ತದೆ. ಎಲ್ಲ ಗಣಕಗಳೂ ಹೀಗೆ ಮಾಡತೊಡಗಿದರೆ ದಟ್ಟಣೆ ಇಮ್ಮಡಿಸುತ್ತದೆ. ರಥಬೀದಿಯ ನೂಕುನುಗ್ಗಲಿನಲ್ಲಿ ಸಿಕ್ಕಿದವರೆಲ್ಲರೂ ಹಿಂದಿನಿಂದ ಇನ್ನಷ್ಟು ತಳ್ಳಿದಂತೆಯೇ ಇದು.

ಇದಕ್ಕೆ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವು ಹೊಸ ತಂತಿಯನ್ನು ಬೇಡಲಿಲ್ಲ. ಭೌತವಿಜ್ಞಾನದ ಸಂರಕ್ಷಣೆಯ ಭಾವನೆಯನ್ನು ಅವರು ಜಾಲಕ್ಕೆ ಅನ್ವಯಿಸಿದರು: ಹಳೆಯ ಪೊಟ್ಟಣವೊಂದು ಜಾಲದಿಂದ ಹೊರಬಿದ್ದ ಮೇಲೆಯೇ ಹೊಸದನ್ನು ಒಳಬಿಡಬೇಕು, ಪೊಟ್ಟಣ ನಷ್ಟವಾಯಿತೆಂದರೆ ಕಳುಹಿಸುವ ವೇಗವನ್ನು ತಗ್ಗಿಸಬೇಕು. ಆ ಕಾಲದ ಯಂತ್ರಗಳು ಇಂದು ಬಳಕೆಯಲ್ಲಿಲ್ಲ. ಆದರೆ ಆ ವಿಚಾರದಿಂದ ಬೆಳೆದ ನಿಯಮಗಳು ನಮ್ಮ ಕೈಯ ಮೊಬೈಲಿನಲ್ಲಿಯೂ ಕೆಲಸಮಾಡುತ್ತಿವೆ.

ಮತ್ತೊಂದು ಉದಾಹರಣೆ. ಬೆಂಗಳೂರಿಗೂ ನ್ಯೂಯಾರ್ಕಿಗೂ ನೇರ ದೂರವೇ 13,000 ಕಿಲೋಮೀಟರುಗಳಿಗೆ ಮಿಗಿಲು. ಗಾಜಿನ ತಂತುವಿನಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಅಂದಮೇಲೆ ಆ ತಂತುವಿನಲ್ಲಿ ಸಂದೇಶವೊಂದು ಹೋಗಿ ಉತ್ತರ ಬರಲು ಸೆಕೆಂಡಿನ ನೂರರಲ್ಲಿ 13 ಪಾಲಾದರೂ ಬೇಕು. ಎಷ್ಟೇ ಹಣ ತೆತ್ತು ಹೆಚ್ಚು ಸಾಮರ್ಥ್ಯದ ಸಂಪರ್ಕವನ್ನು ಪಡೆದರೂ ಈ ವಿಳಂಬ ಕರಗದು. ಸಾಮರ್ಥ್ಯ ಬೇರೆ, ವಿಳಂಬ ಬೇರೆ. ಪ್ರೌಢಶಾಲೆಯ ಒಂದು ಭಾಗಾಕಾರದಿಂದ ತಿಳಿಯುವ ಈ ಭೇದವನ್ನು ಯಾವ ಆಜ್ಞೆಯ ಪಟ್ಟಿಯೂ ಕಲಿಸದು.

ಬಡ ಕುಟುಂಬದ ವಿದ್ಯಾರ್ಥಿಗೆ ತತ್ತ್ವದಿಂದ ಹೊಟ್ಟೆ ತುಂಬೀತೆ ಎಂದು ಕೆಲವರು ಆಕ್ಷೇಪಿಸಬಹುದು. ಮೊದಲ ಕೆಲಸಕ್ಕೆ ಕೈಚಳಕ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಣವಂತನು ಮತ್ತೆ ಮತ್ತೆ ಹೊಸ ತರಬೇತಿಗೆ ಶುಲ್ಕ ತೆರಬಲ್ಲ, ಬಡವನು ತೆರಲಾರ. ಒಮ್ಮೆ ಕಲಿತದ್ದು ನಲವತ್ತು ವರ್ಷ ಬಾಳಬೇಕಾದುದು ಬಡವನಿಗೇ. ತತ್ತ್ವಜ್ಞಾನದ ಅಗತ್ಯ ಅವನಿಗೇ ಅಧಿಕ.

ಆದುದರಿಂದ ವಿಶ್ವವಿದ್ಯಾನಿಲಯಗಳು ಪರೀಕ್ಷೆಯಲ್ಲಿ ಜಾಲದ ಏಳು ಪದರಗಳ ಹೆಸರನ್ನು ಕೇಳುವುದರಲ್ಲೇ ತೃಪ್ತವಾಗಬಾರದು; ಪದರಗಳಾಗಿ ವಿಂಗಡಿಸಿದುದೇಕೆ ಎಂಬುದನ್ನು ಕೇಳಬೇಕು. ಸಂಭಾವ್ಯತೆಯ ಗಣಿತವನ್ನೂ, ಕ್ಲಾಡ್ ಶಾನನ್ 1948ರಲ್ಲಿ ನಿರೂಪಿಸಿದ ಮಾಹಿತಿ ಸಿದ್ಧಾಂತವನ್ನೂ ಜಾಲದ ಪಾಠಕ್ಕೆ ತಳಹದಿಯಾಗಿ ಇಡಬೇಕು. ಪ್ರಯೋಗಕ್ಕೆ ವೈಭವದ ಸಲಕರಣೆಗಳು ಅವಶ್ಯವಲ್ಲ. ಎರಡು ಹಳೆಯ ಗಣಕಗಳು, ಒಂದು ತಂತಿ, ಪೊಟ್ಟಣಗಳನ್ನು ತೆರೆದು ತೋರಿಸುವ ವೈರ್‌ಶಾರ್ಕ್‌ನಂತಹ ಉಚಿತ ತಂತ್ರಾಂಶ ಇಷ್ಟಿದ್ದರೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿಯೂ ಜಾಲದ ನಡೆಯನ್ನು ಕಣ್ಣಾರೆ ಕಾಣಬಹುದು.

ಕಾಲೇಜನ್ನು ಆರಿಸಲಿರುವ ವಿದ್ಯಾರ್ಥಿಗಳು ಅದರ ಜಾಹೀರಾತನ್ನು ನೋಡಿ ಮರುಳಾಗದೆ, ಅಲ್ಲಿಯ ಹಳೆಯ ಪ್ರಶ್ನಪತ್ರಿಕೆಗಳನ್ನು ತರಿಸಿ ಓದಲಿ. ಅವುಗಳಲ್ಲಿ "ಹೆಸರಿಸಿ" ಎಂಬ ಮಾತೇ ತುಂಬಿದೆಯೋ, "ಏಕೆ" ಎಂಬ ಮಾತೂ ಇದೆಯೋ ಎಂಬುದನ್ನು ಎಣಿಸಿ ನೋಡಿದರೆ ಸಾಕು.