ಕಲ್ಪನಾ ಅತ್ತದ್ದು ನೆನಪಿದೆ, ‘ಒಲ್ಲೆ’ ಅಂದದ್ದು ಮರೆತಿದೆ

ಕಲ್ಪನಾ ಹೆಸರು ಹೇಳಿದರೆ ಸಾಕು, ನಮ್ಮ ವಯಸ್ಸಿನವರು ಕಣ್ಣು ಅಗಲಿಸಿ, ಧ್ವನಿ ನಡುಗಿಸಿ ಒಂದು ಮಿಮಿಕ್ರಿ ಶುರು ಮಾಡ್ತಾರೆ. ಸುತ್ತ ಕೂತವರು ನಗ್ತಾರೆ. ನಮ್ಮ ಅಪ್ಪ-ಅಮ್ಮಂದಿರ ಕಾಲದವರು ಇನ್ನೊಂದು ಥರ. ಅವರಿಗೆ ಆಕೆ ‘ಮಿನುಗುತಾರೆ’, ತ್ಯಾಗದ ಮೂರ್ತಿ, ನೆನೆದರೆ ಕಣ್ಣು ಒದ್ದೆ. ನನ್ನ ತಕರಾರು ಇಬ್ಬರ ಮೇಲೂ ಇದೆ. ನಗುವವರೂ ಅಳುವವರೂ ಸೇರಿಕೊಂಡು ‘ಬೆಳ್ಳಿಮೋಡ’ದ ಇಂದಿರೆಯನ್ನು ಮೂಲೆಗೆ ಕೂರಿಸಿದ್ದಾರೆ.

ಸಿನಿಮಾ ಬಂದದ್ದು 1967ರಲ್ಲಿ. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಕಥೆ ತ್ರಿವೇಣಿಯವರ ಕಾದಂಬರಿಯದು. ಅವರು 1963ರಲ್ಲೇ ತೀರಿಕೊಂಡಿದ್ದರು, ತೆರೆಯ ಮೇಲೆ ತಮ್ಮ ಇಂದಿರೆಯನ್ನು ನೋಡಲೇ ಇಲ್ಲ. ಅದೇ 1963ರಲ್ಲಿ ‘ಸಾಕು ಮಗಳು’ ಚಿತ್ರದಿಂದ ಕಲ್ಪನಾ ನಟನೆಗೆ ಬಂದದ್ದು. ಅಷ್ಟು ಹೊಸಬಳಾದ ಹುಡುಗಿ ಇಡೀ ಸಿನಿಮಾವನ್ನು ಹೆಗಲ ಮೇಲೆ ಹೊತ್ತಿದ್ದಾಳೆ.

ಕಥೆ ಹೇಳಿಬಿಡ್ತೀನಿ. ಅರ್ಧ ಶತಮಾನ ದಾಟಿದ ಸಿನಿಮಾಗೆ ಸ್ಪಾಯ್ಲರ್ ಅಲರ್ಟ್ ಕೇಳಬೇಡಿ. ಇಂದಿರಾ ಮಲೆನಾಡಿನ ಶ್ರೀಮಂತ ಮನೆಯ ಒಬ್ಬಳೇ ಮಗಳು. ಅಪ್ಪ ಕೆ.ಎಸ್. ಅಶ್ವಥ್, ಅಮ್ಮ ಪಂಡರಿಬಾಯಿ. ಮೋಹನನ (ಕಲ್ಯಾಣ್ ಕುಮಾರ್) ಜೊತೆ ಮದುವೆ ಗೊತ್ತಾಗುತ್ತದೆ. ಹುಡುಗ ಹೆಚ್ಚಿನ ಓದಿಗೆ ಅಮೆರಿಕಕ್ಕೆ ಹೋಗ್ತಾನೆ, ಖರ್ಚು ಹುಡುಗಿಯ ಅಪ್ಪನದು. ಅವನು ಅಲ್ಲಿದ್ದಾಗ ಇಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ, ಅಮ್ಮ ತೀರಿಕೊಳ್ಳುತ್ತಾಳೆ. ವಾಪಸ್ ಬಂದ ಮೋಹನನಿಗೆ ಲೆಕ್ಕ ತಪ್ಪಿದ್ದು ಗೊತ್ತಾಗುತ್ತದೆ. ಆಸ್ತಿಗೆ ಗಂಡು ವಾರಸುದಾರ ಬಂದಾಯ್ತು. ಮದುವೆ ಬೇಡ ಅಂತಾನೆ.

ಇದು ಯಾವುದೋ ಕಾಲದ ಕಥೆ ಅನ್ನೋರು ಸ್ವಲ್ಪ ನಿಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ, ಸಿನಿಮಾ ಅದಾಗಿ ಆರು ವರ್ಷಕ್ಕೆ ಬಂತು. ಮಾವನಾಗುವವನ ದುಡ್ಡಲ್ಲಿ ಅಮೆರಿಕದ ಓದು ಅಂದ್ರೆ ವರದಕ್ಷಿಣೆಯೇ, ಹೆಸರು ಮಾತ್ರ ‘ಸಹಾಯ’. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ ಕಾನೂನು ತಿದ್ದಿದ್ದು 1994ರಲ್ಲಿ, ಕೇಂದ್ರ ತಿದ್ದಿದ್ದು 2005ರಲ್ಲಿ. ಅಷ್ಟಾದ ಮೇಲೂ ನಮ್ಮ ಮದುವೆ ಮಾತುಕತೆಗಳಲ್ಲಿ ಏನು ಕೇಳಿಸುತ್ತೆ? “ಒಬ್ಬಳೇ ಮಗಳಂತೆ ಕಣೋ, ಮುಂದೆ ಎಲ್ಲಾ ನಿಂಗೇ ತಾನೇ.” ಈ ಮಾತನ್ನು ನಾನು ನಮ್ಮೂರ ಜಗಲಿಯಲ್ಲೂ ಕೇಳಿದ್ದೀನಿ, ಬೆಂಗಳೂರಿನ ಆಫೀಸ್ ಕೆಫೆಟೇರಿಯಾದಲ್ಲೂ ಕೇಳಿದ್ದೀನಿ. ಜಗಲಿಯಲ್ಲಿ ಅಡಿಕೆ ತೋಟ ಎಷ್ಟು ಎಕರೆ ಅಂತಿದ್ರು, ಕೆಫೆಟೇರಿಯಾದಲ್ಲಿ ಸೈಟು ಎಲ್ಲಿದೆ ಅಂತಾರೆ. ಮೋಹನನ ಕೈಲಿ ಲ್ಯಾಪ್‌ಟಾಪ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೋಹನನಿಗೆ ಅಪಘಾತ ಆಗುತ್ತದೆ, ಕಾಲು ಮುರಿಯುತ್ತದೆ. ಇಂದಿರಾ ಅವನನ್ನು ಆರೈಕೆ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪವಾಗಿ ಮತ್ತೆ ಮದುವೆಯ ಮಾತೆತ್ತುತ್ತಾನೆ. ಹುಡುಗ ಬದಲಾದ, ಕ್ಷಮೆ ಕೇಳಿದ, ಇನ್ನು ವಾಲಗ ಊದಿಸುವುದೊಂದೇ ಬಾಕಿ ಅಂತ ನೋಡುವವನಿಗೆ ಅನಿಸಬೇಕು. ಇಂದಿರಾ ಒಲ್ಲೆ ಅನ್ನುತ್ತಾಳೆ.

ಕಲ್ಪನಾ ನಟನೆ ಎಷ್ಟು ದೊಡ್ಡದು ಅಂತ ಗೊತ್ತಾಗೋದು ಇಲ್ಲೇ. ಆ ಆರೈಕೆಯ ಭಾಗವನ್ನು ಕೊನೆ ಗೊತ್ತಿದ್ದೂ ಇನ್ನೊಂದು ಸಲ ನೋಡಿ. ಆಕೆಯ ಅಕ್ಕರೆಯಲ್ಲಿ ನಾಟಕ ಇಲ್ಲ, ಸೇಡಿನ ಹೊಂಚು ಇಲ್ಲ. ಆದ್ದರಿಂದಲೇ ಮೋಹನ ಅದನ್ನು ಒಪ್ಪಿಗೆ ಅಂದುಕೊಳ್ಳುತ್ತಾನೆ. ನಾವೂ ಹಾಗೇ ಅಂದುಕೊಳ್ಳುತ್ತೇವೆ. ಕಾಯಿಲೆ ಬಿದ್ದವನನ್ನು ನೋಡಿಕೊಳ್ಳುವುದು ಬೇರೆ, ಅವನಿಗೆ ಬಾಳು ಕೊಡುವುದು ಬೇರೆ. ಈ ಎರಡರ ನಡುವಿನ ಗೆರೆಯನ್ನು ಆಕೆ ಮೊದಲಿಂದಲೂ ಮನಸ್ಸಲ್ಲಿ ಇಟ್ಟುಕೊಂಡೇ ನಟಿಸಿದ್ದಾಳೆ. ಅಕ್ಕರೆ ಒಂದು ತೂಕ ಹೆಚ್ಚಾಗಿದ್ದರೂ ಕೊನೆಯ ನಿರಾಕರಣೆ ಸುಳ್ಳೆನಿಸುತ್ತಿತ್ತು. ಕಡಿಮೆಯಾಗಿದ್ದರೆ ಅದು ಬರೀ ಸೇಡಾಗುತ್ತಿತ್ತು. ಮೊದಲರ್ಧದಲ್ಲಿ ಚಿಗರೆ ಥರ ಓಡಾಡಿಕೊಂಡಿದ್ದ ಹುಡುಗಿ, ಕೊನೆಗೆ ಆ ಮನೆಗೂ ಆ ಮಗುವಿಗೂ ತನಗೂ ತಾನೇ ಯಜಮಾನಿ.

ಇದನ್ನು ‘ತ್ಯಾಗ’ ಅಂತ ಕರೆಯೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ತಮ್ಮನನ್ನು ಸಾಕುವುದಕ್ಕಾಗಿ ಬಾಳನ್ನೇ ತ್ಯಾಗ ಮಾಡಿದಳಂತೆ. ಅಲ್ಲ ಸ್ವಾಮಿ, ಏನನ್ನು ತ್ಯಾಗ ಮಾಡಿದಳು? ಆಸ್ತಿ ನೋಡಿ ಬಂದು, ಆಸ್ತಿ ಕರಗಿದಾಗ ಕೈಕೊಟ್ಟವನನ್ನೇ? ಅದನ್ನು ತ್ಯಾಗ ಅನ್ನೋದಾದ್ರೆ ಕೊಳೆತ ಹಲಸಿನಹಣ್ಣನ್ನು ತಿಪ್ಪೆಗೆ ಹಾಕೋದೂ ತ್ಯಾಗವೇ. ಅವಳು ಮಾಡಿದ್ದು ತೀರ್ಮಾನ. ಗಂಡಸು ತೀರ್ಮಾನ ಮಾಡಿದರೆ ಸ್ವಾಭಿಮಾನ, ಹೆಂಗಸು ಮಾಡಿದರೆ ತ್ಯಾಗ. ಈ ಲೆಕ್ಕ ಬರೆದವರು ಯಾರು?

ಜನರ ನೆನಪಿನಲ್ಲಿ ಕಲ್ಪನಾ ಹೇಗೆ ಉಳಿದಿದ್ದಾಳೆ ನೋಡಿ. ‘ಗೆಜ್ಜೆಪೂಜೆ’ಯ ಚಂದ್ರಾ ಕೊನೆಗೆ ಜೀವ ಕಳೆದುಕೊಳ್ಳುತ್ತಾಳೆ. ‘ಶರಪಂಜರ’ದ ಕಾವೇರಿ ಮತ್ತೆ ಹುಚ್ಚಾಸ್ಪತ್ರೆಗೆ ಹೋಗುತ್ತಾಳೆ. ಎರಡೂ ದೊಡ್ಡ ಸಿನಿಮಾ, ಎರಡೂ ಪುಟ್ಟಣ್ಣನವರದೇ, ಎರಡರಲ್ಲೂ ಆಕೆಯ ನಟನೆಗೆ ಕೈಮುಗಿಯಬೇಕು. ಆದರೆ ಮಿಮಿಕ್ರಿ ಮಾಡುವವರಿಗೆ ಬೇಕಾದದ್ದು ಆ ಹುಚ್ಚು, ಭಕ್ತರಿಗೆ ಬೇಕಾದದ್ದು ಆ ಸಾವು. ಸಾಯದೆ, ಹುಚ್ಚಾಗದೆ, ಎರಡು ಕಾಲ ಮೇಲೆ ನಿಂತು ಬೇಡ ಅಂದವಳು ಯಾರಿಗೂ ಬೇಡ. ಹೆಣ್ಣು ನರಳಿದರೆ ನಮಗೆ ಕಲೆ, ನಿರಾಕರಿಸಿದರೆ ಬೋರು.

‘ಕಪ್ಪು-ಬಿಳುಪು ಮಗಾ, ಸ್ಲೋ’ ಅನ್ನೋರಿಗೂ ಒಂದು ಮಾತು. ಸಬ್‌ಟೈಟಲ್ ಹಾಕಿಕೊಂಡು ಹದಿನಾರು ಎಪಿಸೋಡಿನ ಕೊರಿಯನ್ ಸೀರಿಯಲ್ ಒಂದೇ ವೀಕೆಂಡಿನಲ್ಲಿ ಮುಗಿಸುವವರಿಗೆ ‘ಬೆಳ್ಳಿಮೋಡ’ ಉದ್ದ ಆಗೋದು ಹೇಗೆ? ಅಲ್ಲೂ ಅಳು ಇದೆ, ಅತ್ತೆ-ಮಾವ ಇದ್ದಾರೆ, ಆಸ್ತಿ ಜಗಳ ಇದೆ. ಬಣ್ಣ ಇಲ್ಲ ಅನ್ನೋದು ಕೊರತೆಯೂ ಅಲ್ಲ. ‘ಸತ್ಯ ಹರಿಶ್ಚಂದ್ರ’, ‘ಕಸ್ತೂರಿ ನಿವಾಸ’ಗಳಿಗೆ ಬಣ್ಣ ಬಳಿದು ಮತ್ತೆ ಬಿಡುಗಡೆ ಮಾಡಿದ್ದಾಯ್ತು. ಇದಕ್ಕೆ ಮಾತ್ರ ಯಾರೂ ಕೈ ಹಚ್ಚದಿರಲಿ. ಮಲೆನಾಡಿನ ಗುಡ್ಡ, ಮಂಜು, ಮೋಡಗಳ ನಡುವೆ ಈ ಹುಡುಗಿಯ ಮುಖ ಬೆಳಗುವುದು, ಮಂಕಾಗುವುದು ಬೂದು ಬಣ್ಣದಲ್ಲೇ ಸರಿಯಾಗಿ ಕಾಣುತ್ತದೆ. ಹಸಿರು ಬಳಿದರೆ ಅದು ಟೂರಿಸಂ ಜಾಹೀರಾತು ಆಗುತ್ತೆ.

ಮೆಲೋಡ್ರಾಮ ಇದೆಯಾ? ಇದೆ. ಹಾಸ್ಯದ ಟ್ರ್ಯಾಕ್ ಹಳೆಯದಾಗಿದೆಯಾ? ಆಗಿದೆ. ಅದನ್ನೆಲ್ಲ ದಾಟಿ ಕೂತರೆ, ಹೆಣ್ಣು ಕ್ಷಮಿಸಬಹುದು ಆದರೆ ವಾಪಸ್ ಬರಬೇಕಾಗಿಲ್ಲ ಅಂತ ಸ್ಪಷ್ಟವಾಗಿ ಹೇಳುವ ಕನ್ನಡ ಸಿನಿಮಾ 1967ರಲ್ಲೇ ಇತ್ತು ಅನ್ನೋದು ಗೊತ್ತಾಗುತ್ತೆ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ‘ಹುಡುಗ ಸಾರಿ ಕೇಳಿದ್ನಲ್ಲಮ್ಮಾ, ಅಡ್ಜಸ್ಟ್ ಮಾಡ್ಕೋ’ ಅನ್ನುವ ಪಂಚಾಯ್ತಿ ನಡೀತಾನೇ ಇದೆ. ಅಂಥ ಪಂಚಾಯ್ತಿಗೆ ನಿಮ್ಮನ್ನೂ ಕರೆದರೆ, ಹೋಗುವ ಮುಂಚೆ ಈ ಸಿನಿಮಾ ನೋಡಿ. ಆಮೇಲೂ ಅಡ್ಜಸ್ಟ್ ಮಾಡ್ಕೋ ಅನ್ನಲು ಬಾಯಿ ಬಂದರೆ, ನೀವು ಮೋಹನನ ಕಡೆಯವರು ಅಂತ ಧೈರ್ಯವಾಗಿ ಹೇಳಿಕೊಳ್ಳಿ.